ಬೆಳ್ಳಿನೀರಿಗೆ ತಕ್ಕ ಪಾತ್ರೆ

ಒಂಟಿಕೊಪ್ಪಲಿನ ಲಕ್ಷ್ಮೀನರಸಿಂಹಯ್ಯನವರ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ, ಚಾಮುಂಡಿ ಬೆಟ್ಟದ ತುದಿಯಲ್ಲಿ ನಿಂತವರು ಕೈಚಾಚಿ ಮೇಲಿನ ಲೋಟದಿಂದ ಕಾಫಿ ಕುಡಿಯಬಹುದಿತ್ತು. ಇದು ಸುಳ್ಳೆನ್ನುವವರು ಆ ಮನೆಯ ಅಟ್ಟ ಹತ್ತಿ ನೋಡಿದವರಲ್ಲ. ಹತ್ತಿದವರಲ್ಲಿ ಕೆಲವರು ಇನ್ನೂ ಇಳಿದು ಬಂದಿಲ್ಲ.

ಅವರ ಮುತ್ತಜ್ಜ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದರು. ಲಕ್ಷ್ಮೀನರಸಿಂಹಯ್ಯ ಮದುವೆಯಾದ ಹೊಸದರಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಈ ಮುತ್ತಜ್ಜ ತುಪ್ಪ ಅಳೆದುಕೊಡುವ ಗುಮಾಸ್ತ. ಮಗಳು ಹುಟ್ಟುವ ಹೊತ್ತಿಗೆ ಬಡ್ತಿ ಪಡೆದು ಉಗ್ರಾಣದ ಯಜಮಾನ. ಮೊಮ್ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿರುವ ಈ ಕಾಲಕ್ಕೆ, ಆ ಪುಣ್ಯಾತ್ಮ ಹೂಂ ಅನ್ನದೆ ಇಡೀ ಸಂಸ್ಥಾನದಲ್ಲಿ ಒಂದು ಒಲೆಯೂ ಹತ್ತುತ್ತಿರಲಿಲ್ಲ. ಲಕ್ಷ್ಮೀನರಸಿಂಹಯ್ಯನವರೂ ಸರ್ಕಾರಿ ಇಲಾಖೆಯೊಂದರ ಸ್ಟೋರಿನಲ್ಲೇ ಸರ್ವೀಸು ಮುಗಿಸಿದವರು. "ನಮ್ಮ ಕೈಗೆ ಕೊಟ್ಟ ಪದಾರ್ಥ ಕೆಟ್ಟಿದ್ದಿಲ್ಲ, ಅಳತೆ ಕಮ್ಮಿಯಾಗಿದ್ದಿಲ್ಲ" ಎಂಬ ಮಾತನ್ನು ಅವರು ಹಾಲಿನವನಿಗೂ ಹೇಳಿದ್ದರು, ಪೇಪರಿನವನಿಗೂ ಹೇಳಿದ್ದರು, ದಾರಿ ಕೇಳಲು ಬಂದ ಪ್ರವಾಸಿಗರಿಗೆ ದಾರಿಯ ಬದಲು ಅದನ್ನೇ ಹೇಳಿ ಕಳಿಸಿದ್ದರು.

ಆದರೆ ನಿವೃತ್ತಿಯಾದ ಮೇಲೆ ಅವರ ಕೈಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಹೆಂಡತಿ ಸುಂದರಮ್ಮ ಕೊಡುವ ತರಕಾರಿ ಚೀಲ ಲೆಕ್ಕಕ್ಕಿಲ್ಲ. ಹೀಗಾಗಿ ಒಂದು ಭಾನುವಾರ ಮಧ್ಯಾಹ್ನ ಅನುಪಮಾ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ಎದೆಗೆ ಮಗುವಿನಂತೆ ಒಂದು ದೊಡ್ಡ ಗಾಜಿನ ಜಾರನ್ನು ಅವುಚಿಕೊಂಡು ಒಳಗೆ ಬಂದಾಗ, ಅವರ ಕಿವಿ ನೆಟ್ಟಗಾಯಿತು.

ಅನುಪಮಾ ಅದೇ ಸ್ಟೋರಿನ ಜೀಪು ಓಡಿಸುತ್ತಿದ್ದ ಮೂಗಯ್ಯನ ಮಗಳು. ಹಿನಕಲ್ಲಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ನೀರು ಸೋಸುವ ಮಣ್ಣಿನ ಮಡಕೆಗಳನ್ನು ಮಾಡುತ್ತಿದ್ದಳು.

"ಸರ್, ಇದೀರಾ? ಫೋನ್ ಮಾಡೋಕೂ ಪುರುಸೊತ್ತಾಗ್ಲಿಲ್ಲ, ಹಂಗೇ ಬಂದ್ಬುಟ್ಟೆ."

"ಬಾಮ್ಮ, ಬಾ. ಏನದು ಕೈಲಿ?"

"ಬೆಳ್ಳಿ ಸರ್."

ಲಕ್ಷ್ಮೀನರಸಿಂಹಯ್ಯ ಕನ್ನಡಕ ಏರಿಸಿಕೊಂಡು ನೋಡಿದರು. ಜಾರಿನಲ್ಲಿದ್ದದ್ದು ನೀರು. ಅದೂ ಬೆಳ್ಳಗಿರಲಿಲ್ಲ. ಜಿಪುಣರ ಮನೆಯಲ್ಲಿ ಮೂರನೇ ಸಲ ಬಿಸಿನೀರು ಹೊಯ್ದು ಇಳಿಸಿದ ಡಿಕಾಕ್ಷನ್ನಿನಂತೆ ತಿಳಿ ಹಳದಿ ಬಣ್ಣ. ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಸುಂದರಮ್ಮ, "ಬೆಳ್ಳಿಗೆ ಕಾಮಾಲೆ ಬಂದಿದೆಯೇನೇ?" ಎಂದರು.

ಅನುಪಮಾ ನಕ್ಕಳು. "ಇಲ್ಲ ಅಮ್ಮ. ಬೆಳ್ಳೀನ ಎಷ್ಟು ಸಣ್ಣಗೆ ಮಾಡವ್ರೆ ಅಂದ್ರೆ, ಕಣ್ಣಿಗೂ ಕಾಣಲ್ಲ, ತಳಕ್ಕೂ ಕೂರಲ್ಲ, ನೀರಲ್ಲೇ ತೇಲ್ತಿರತ್ತೆ. ಅಷ್ಟು ಸಣ್ಣಗಾದ್ರೆ ಬಣ್ಣ ಹಳದಿ ಕಾಣ್ಸತ್ತಂತೆ. ಕೊಲಾಯ್ಡಲ್ ಸಿಲ್ವರ್ ಅಂತಾರೆ. ಲ್ಯಾಬಲ್ಲಿರೋ ನನ್ನ ಫ್ರೆಂಡು ಮಾಡಿಕೊಟ್ಟಿದ್ದು."

"ಕುಡಿದ್ರೆ ಮಂಡಿ ನೋವು ಹೋಗತ್ತಾ?"

"ಕುಡಿಯೋದಲ್ಲ ಅಮ್ಮ! ಕುಡಿಯಲೇಬಾರ್ದು. ಮಡಕೆಗೆ ಬಳಿಯೋದು."

ಅವಳು ವಿವರಿಸಿದಳು. ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮಡಕೆ ಮಾಡಿ ಸುಡುತ್ತಾರೆ. ಹೊಟ್ಟು ಸುಟ್ಟುಹೋದ ಕಡೆಯೆಲ್ಲ ಕಾಣದಂಥ ಸಣ್ಣ ತೂತುಗಳಾಗುತ್ತವೆ. ನೀರು ಆ ತೂತುಗಳಲ್ಲಿ ತೊಟ್ಟಿಕ್ಕಿ ಸೋಸಿ ಬರುತ್ತದೆ. ಮಡಕೆಯ ಒಳಗೂ ಹೊರಗೂ ಈ ಬೆಳ್ಳಿನೀರು ಬಳಿದರೆ ಅಲ್ಲಿ ಕ್ರಿಮಿಗಳು ಸಂಸಾರ ಹೂಡುವುದಿಲ್ಲ. ಈಗ ಹನ್ನೆರಡು ಮಡಕೆ ಗೂಡಿನಲ್ಲಿವೆ, ಬುಧವಾರಕ್ಕೆ ಆರುತ್ತವೆ. ಉದಯಗಿರಿಯ ಒಂದು ಅಂಗನವಾಡಿ ಮತ್ತು ಅದರ ಸುತ್ತಲಿನ ಹನ್ನೊಂದು ಮನೆಗಳಿಗೆ ಹೋಗಬೇಕು.

"ಮೊದಲ್ನೇ ಆರ್ಡರ್ ಸರ್. ಆ ಟೀಚರ್ ದಿನಾ ಫೋನ್ ಮಾಡ್ತವ್ರೆ, ಮಕ್ಕಳಿಗೆ ಹೊಟ್ಟೆ ಕೆಡ್ತಾನೇ ಇದೆ, ಯಾವಾಗ ಕೊಡ್ತೀರ ಅಂತ. ಇದು ಹನ್ನೆರಡಕ್ಕೆ ಸರಿಯಾಗತ್ತೆ, ಒಂದು ಹನಿ ಮಿಗಲ್ಲ. ಹಾಳಾದ್ರೆ ಇನ್ನೊಂದು ಸಿಗೋದು ಯಾವಾಗ್ಲೋ. ನಮ್ಮ ಶೆಡ್ಡಲ್ಲಿ ತಗಡು ಕಾದು ಒಲೆ ಥರ ಆಗ್ಬುಟ್ಟಿದೆ. ಅದಕ್ಕೇ..."

"ಅದಕ್ಕೇ ನನ್ನ ಹತ್ರ ಬಂದೆ" ಎಂದು ಲಕ್ಷ್ಮೀನರಸಿಂಹಯ್ಯ ಅವಳ ಮಾತನ್ನು ತಾವೇ ಮುಗಿಸಿದರು. ಅವರ ಎದೆ ಎಷ್ಟು ಉಬ್ಬಿತೆಂದರೆ ಬನಿಯನ್ನಿನ ಹೊಲಿಗೆ ಚಟ್ಟೆಂದ ಸದ್ದು ಪಕ್ಕದ ಬೀದಿಗೂ ಕೇಳಿಸಿತು.

"ಬಿಸಿಲು ಬೆಳಕು ಬೀಳಬಾರ್ದು ಸರ್. ಲೋಹ ತಗುಲಬಾರ್ದು. ಕಂದು ಗಾಜಿನ ಬಾಟ್ಲಿ ಇದ್ರೆ ಅದಕ್ಕೆ ಬಗ್ಗಿಸ್ಬುಡಿ. ಈ ಜಾರು ಲ್ಯಾಬ್‌ನೋರ್ದು, ವಾಪಸ್ ಕೊಡ್ಬೇಕು. ಬಣ್ಣ ಹಿಂಗೇ ಹಳದಿ ಇದ್ರೆ ಚೆನ್ನಾಗಿದೆ ಅಂತ. ಬೂದಿ ಬಣ್ಣಕ್ಕೆ ತಿರುಗಿ ತಳದಲ್ಲಿ ಗಷ್ಟು ಕೂತ್ರೆ ಮುಗೀತು, ಚೆಲ್ಲೋದೇ."

"ನೀನು ಬುಧವಾರ ಬಾ. ಇವತ್ತು ಹೇಗಿದೆಯೋ ಹಾಗೇ ಇರತ್ತೆ. ನಮ್ಮ ಮುತ್ತಜ್ಜ..."

"ಗೊತ್ತು ಸರ್, ಅಪ್ಪ ಹೇಳ್ತಿದ್ರು" ಎಂದು ಅನುಪಮಾ, ಮುತ್ತಜ್ಜನ ಕಥೆ ಅವರ ಬಾಯಿ ದಾಟುವ ಮೊದಲೇ ತಾನು ಬಾಗಿಲು ದಾಟಿ ಸ್ಕೂಟರ್ ಹತ್ತಿದಳು.

ಬೇರೆ ಯಾರೇ ಆಗಿದ್ದರೂ ಆ ಜಾರನ್ನು ಒಂದು ಕಂದು ಬಾಟಲಿಗೆ ಬಗ್ಗಿಸಿ, ಮುಚ್ಚಳ ಬಿಗಿದು, ಮಧ್ಯಾಹ್ನದ ನಿದ್ದೆಗೆ ಹೋಗುತ್ತಿದ್ದರು. ಲಕ್ಷ್ಮೀನರಸಿಂಹಯ್ಯನವರಿಗೂ ನಿದ್ದೆ ಬರುತ್ತಿತ್ತು. ಆದರೆ ಜಾರನ್ನು ಕಿಟಕಿಯ ಕಡೆ ಒಮ್ಮೆ ಎತ್ತಿ ಹಿಡಿದದ್ದೇ ತಪ್ಪಾಯಿತು. ಅದರೊಳಗೆ ಬೆಳ್ಳಿ ಇದೆ, ಆದರೆ ಇಲ್ಲ. ನೀರು ಹೌದು, ಆದರೆ ಬರೀ ನೀರಲ್ಲ. ಅಕ್ಕಿಗೆ ಕಣಜ ಗೊತ್ತು, ತುಪ್ಪಕ್ಕೆ ಭರಣಿ ಗೊತ್ತು, ಕರ್ಪೂರಕ್ಕೆ ಮೆಣಸಿನ ಕಾಳು ಹಾಕಿದ ಡಬ್ಬಿ ಗೊತ್ತು. ಆದರೆ ಇದ್ದೂ ಇಲ್ಲದ ಬೆಳ್ಳಿಗೆ ಯಾವ ಪಾತ್ರೆ? ಮುತ್ತಜ್ಜನಿಗೇ ಬಾರದ ಪ್ರಶ್ನೆ ತಮಗೆ ಬಂದಿತೆಂಬ ಹೆಮ್ಮೆಯಲ್ಲಿ ಅವರ ಕಣ್ಣು ಹೊಳೆಯತೊಡಗಿತು.

"ಕಂದು ಬಾಟ್ಲಿ ಅಂದಳಲ್ಲಾ ಅವಳು. ಮದುವೇಲಿ ಪನ್ನೀರು ಬಂದಿದ್ದು ಅಟ್ಟದ ಮೇಲಿದೆ, ತೆಗೀಲಾ?" ಎಂದರು ಸುಂದರಮ್ಮ.

"ತೆಗಿ. ಜೊತೆಗೆ ಬೆಳ್ಳಿ ಚೊಂಬೂ ತೆಗಿ."

"ಲೋಹ ಬೇಡ ಅಂದಳು."

"ಬೆಳ್ಳಿಗೆ ಬೆಳ್ಳಿ ಲೋಹ ಹೇಗಾಗತ್ತೆ ಕಣೇ? ತವರುಮನೆ! ಮಗಳನ್ನ ತವರಿಗೆ ಕಳ್ಸಿದ್ರೆ ಕೆಟ್ಟುಹೋಗ್ತಾಳಾ?"

"ನಿಮ್ಮ ಮಗಳು ಪ್ರತಿ ಸಲ ಬಂದು ಮೂರು ಕೆಜಿ ಹೆಚ್ಚಾಗಿ ಹೋಗ್ತಾಳೆ."

ಹೀಗೆ ಚೊಂಬು ಬಂತು. ತೀರ್ಥದ ನೀರು ವರ್ಷಗಟ್ಟಲೆ ಕೆಡದೆ ಇರುತ್ತದೆಂದು ತಾಮ್ರದ ಪಂಚಪಾತ್ರೆ ಬಂತು. ಬೆಳಕು ಬೀಳಬಾರದೆಂದರೆ ಅದಕ್ಕಿಂತ ಕತ್ತಲೆ ಜಗತ್ತಿನಲ್ಲೇ ಇಲ್ಲವೆಂದು ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಬಂತು. ಆ ಜಾಡಿಯೊಳಗೆ ಒಮ್ಮೆ ಇಣುಕಿದವರಿಗೆ ಆಮೇಲೆ ಅಮಾವಾಸ್ಯೆಯೂ ಹಗಲಿನಂತೆ ಕಾಣುತ್ತಿತ್ತು. ಕೊನೆಗೆ ಪನ್ನೀರಿನ ಕಂದು ಬಾಟಲಿಯೂ ಬಂತು. ಪ್ರತಿಯೊಂದಕ್ಕೂ ಕಾಲು ಲೋಟದಷ್ಟು ಬೆಳ್ಳಿನೀರು ಹಾಕಿ ಇಡುವುದು, ಬೆಳಿಗ್ಗೆ ಗೆದ್ದ ಪಾತ್ರೆಗೆ ಜಾರಿನ ನೀರನ್ನು ಒಪ್ಪಿಸುವುದು ಎಂದು ತೀರ್ಮಾನವಾಯಿತು. ಕಾಲು ಲೋಟದಲ್ಲಿ ಏನು ಮಹಾ ಹೋಗುತ್ತದೆ? ನಾಲ್ಕು ಕಾಲು ಸೇರಿದರೆ ಒಂದು ಲೋಟವಾಗುತ್ತದೆಂಬ ಲೆಕ್ಕ ಆ ಸಂಭ್ರಮದಲ್ಲಿ ಅವರಿಗೆ ಹೊಳೆಯಲಿಲ್ಲ.

ನಾಲ್ಕನ್ನೂ ತೊಳೆದುಕೊಟ್ಟವರು ಸುಂದರಮ್ಮ. ಅವರು ಪಾತ್ರೆ ತೊಳೆಯುವ ಬಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಣಸೆಹಣ್ಣಿಗೆ ಕಲ್ಲುಪ್ಪು ಹಾಕಿ ಕಿವುಚಿ ಉಂಡೆ ಮಾಡಿ ಅವರು ತಿಕ್ಕಲು ಕೂತರೆ, ಎದುರುಮನೆಯವರು ಕಣ್ಣು ಕುಕ್ಕುತ್ತದೆಂದು ಕಿಟಕಿ ಹಾಕಿಕೊಳ್ಳುತ್ತಿದ್ದರು. ಒಂದು ಸಲ ತೂತು ಬಿದ್ದ ಬಿಂದಿಗೆಯನ್ನು ತಿಕ್ಕಿ ತಿಕ್ಕಿ ತೂತನ್ನೇ ಅಳಿಸಿಹಾಕಿದ್ದರು. ಹಿತ್ತಾಳೆ, ತಾಮ್ರ, ಗಾಜು, ಪಿಂಗಾಣಿ ಎಂಬ ಭೇದ ಅವರಿಗಿರಲಿಲ್ಲ. ಅಂಗಡಿಯಿಂದ ಹೊಸದಾಗಿ ಬಂದ ಲೋಟವನ್ನೂ ಹುಣಸೆ-ಉಪ್ಪು ಕಾಣಿಸದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾಲ್ಕು ಪಾತ್ರೆಗಳೂ ಮದುವಣಗಿತ್ತಿಯರಂತೆ ಥಳಥಳಿಸುತ್ತ ದೇವರಮನೆಯ ಕತ್ತಲೆ ಮೂಲೆಯಲ್ಲಿ ಕೂತವು. ಉಳಿದ ನೀರಿದ್ದ ಬೋಳು ಗಾಜಿನ ಜಾರನ್ನು ಲಕ್ಷ್ಮೀನರಸಿಂಹಯ್ಯ ತಮ್ಮ ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟರು.

ಸೋಮವಾರ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಹೋಗಿ ನೋಡಿದರು. ನಾಲ್ಕರಿಂದಲೂ ಒಂದೊಂದು ಚಮಚ ಬಿಳಿ ಬಟ್ಟಲುಗಳಿಗೆ ತೆಗೆದರು. ಚೊಂಬಿನದು ಪಾತ್ರೆ ತೊಳೆದ ನೀರಿನಂತೆ ಬೂದಿ. ಪಂಚಪಾತ್ರೆಯದು ಬಣ್ಣವನ್ನೇ ಕಳೆದುಕೊಂಡು ಬೋಳಾಗಿತ್ತು, ತಾಮ್ರದ ಮೈಮೇಲೆ ಮಾತ್ರ ಒಂದು ಕಪ್ಪು ಕಲೆ. ಜಾಡಿಯದು ಬೂದಿ, ತಳದಲ್ಲಿ ಧೂಳಿನಂಥ ಗಷ್ಟು. ಸರಿ, ಸೋತವರು ಸೋಲಲಿ, ಗೆದ್ದವನನ್ನು ನೋಡೋಣವೆಂದು ಕಂದು ಬಾಟಲಿಯ ಬಟ್ಟಲನ್ನು ಬೆಳಕಿಗೆ ತಂದರು.

ಅದೂ ಬೂದಿ.

ಓಡಿಹೋಗಿ ಬೀರು ತೆಗೆದು ಪಂಚೆ ಬಿಚ್ಚಿದರು. ಯಾವುದರಲ್ಲಿ ಇಡಬೇಡಿ ಎಂದಿದ್ದಳೋ ಆ ಬೋಳು ಜಾರಿನೊಳಗೆ ನೀರು ನಿನ್ನೆಯ ಹಾಗೆಯೇ ತಿಳಿ ಹಳದಿಯಾಗಿ, ಏನೂ ನಡೆದೇ ಇಲ್ಲವೆಂಬಂತೆ ನಿಂತಿತ್ತು.

"ಏ ಇವಳೇ, ಬಾ ಇಲ್ಲಿ! ಇಡು ಅಂದಿದ್ದರಲ್ಲಿ ಕೆಟ್ಟಿದೆ, ಬೇಡ ಅಂದಿದ್ದರಲ್ಲಿ ಚೆನ್ನಾಗಿದೆ!"

"ಹಾಗಾದ್ರೆ ಬೇಡ ಅಂದಿದ್ದರಲ್ಲೇ ಇಟ್ಟುಬಿಡಿ, ಗಲಾಟೆ ಯಾಕೆ?"

ಮಾತು ಸರಿಯಾಗಿಯೇ ಇತ್ತು. ಆದರೆ ಜಾರು ವಾಪಸ್ಸು ಹೋಗಬೇಕಾದದ್ದು. ಅದಕ್ಕಿಂತ ಹೆಚ್ಚಾಗಿ, ಯಾಕೆಂದು ತಿಳಿಯದೆ ಲಕ್ಷ್ಮೀನರಸಿಂಹಯ್ಯನವರಿಗೆ ಇಡ್ಲಿ ಇಳಿಯುವುದಿಲ್ಲ. ಆ ದಿನ ಅವರು ಬರೀ ಒಂಬತ್ತು ಇಡ್ಲಿ ತಿಂದರು. ಮೊದಲು ಫ್ರಿಜ್ಜಿನ ಗುರ್ ಸದ್ದಿನ ಮೇಲೆ ಅನುಮಾನ ಬಂತು, ಸದ್ದಿಗೆ ಬೆಳ್ಳಿ ಬೆದರಿರಬಹುದೆಂದು. ಆಮೇಲೆ ಹಿಂದಿನ ಬೀದಿಯ ಮೊಬೈಲ್ ಟವರ್ ಮೇಲೆ. ಆಮೇಲೆ ಊದುಬತ್ತಿಯ ಹೊಗೆಯ ಮೇಲೆ. ಕೊನೆಗೆ ರಾಹುಕಾಲದಲ್ಲಿ ಬಗ್ಗಿಸಿದೆನೇನೋ ಎಂದು ಪಂಚಾಂಗ ತೆಗೆದರು. ಭಾನುವಾರದ ರಾಹುಕಾಲ ಸಂಜೆಗಿತ್ತು, ಬಗ್ಗಿಸಿದ್ದು ಮಧ್ಯಾಹ್ನ. ರಾಹು ನಿರಪರಾಧಿಯಾಗಿ ಬಿಡುಗಡೆಯಾದ.

ಸಂಜೆಯ ಹೊತ್ತಿಗೆ ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಭೂತಗನ್ನಡಿ ಹಿಡಿದು ಪಾತ್ರೆಗಳ ಮೈಯನ್ನು ಇಂಚು ಇಂಚಾಗಿ ನೋಡುತ್ತಿದ್ದರು. ಚೊಂಬಿನಲ್ಲಿ ತಮ್ಮ ಮೂಗೇ ಕುಂಬಳಕಾಯಿಯಷ್ಟು ಕಂಡಿತು, ಬೇರೇನೂ ಕಾಣಲಿಲ್ಲ. ಜಾಡಿಯನ್ನು ತಿರುಗಿಸಿದಾಗ ಅದರ ಹೊರಮೈಯಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಉದ್ದಕ್ಕೂ, ಹಿಟ್ಟು ಉದುರಿಸಿದಂಥ ಬಿಳಿ ಗೆರೆಗಳು ಕಂಡವು. ಬೆರಳಿನಿಂದ ಒರೆಸಿದರು. ಮೂಸಿದರು. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಜಾಡಿಯ ಹೊರಗಿನ ಹೊಟ್ಟೆಯನ್ನು ಒಮ್ಮೆ ನೆಕ್ಕಿದರು.

"ರೀ! ಮಧ್ಯಾಹ್ನ ಊಟಕ್ಕೆ ಉಪ್ಪಿನಕಾಯಿ ಹಾಕಿರಲಿಲ್ವಾ ನಾನು?"

"ಉಪ್ಪು ಕಣೇ!"

"ಏನು ಉಪ್ಪು?"

"ಜಾಡಿ ಉಪ್ಪು! ಒಳಗೆ ಹಾಕಿದ್ದ ಉಪ್ಪು ಗೋಡೆ ತೂರಿಕೊಂಡು ಹೊರಗೆ ಬಂದು ಕೂತಿದೆ. ಎಷ್ಟು ವರ್ಷದ್ದು ಇದು?"

"ನಮ್ಮತ್ತೆಯ ಅತ್ತೆ ಕಾಲದ್ದು."

ಅಂದರೆ ನೂರಿನ್ನೂರು ಮಣ ಮಾವಿನಕಾಯಿ, ಕೃಷ್ಣರಾಜಸಾಗರದಷ್ಟು ಉಪ್ಪುನೀರು ಆ ಜಾಡಿಯೊಳಗೆ ಹಾದು ಹೋಗಿರಬೇಕು. ಲಕ್ಷ್ಮೀನರಸಿಂಹಯ್ಯ ಎದ್ದರು. ಜಾರಿನಿಂದ ಎರಡೇ ಚಮಚ ಹಳದಿ ನೀರನ್ನು ಒಂದು ಬಿಳಿ ಬಟ್ಟಲಿಗೆ ತೆಗೆದುಕೊಂಡು, ಅದರ ಮೇಲೆ ನಾಲ್ಕು ಹರಳು ಉಪ್ಪು ಉದುರಿಸಿದರು. ಇಬ್ಬರೂ ಬಗ್ಗಿ ನೋಡಿದರು. ಇಬ್ಬರ ತಲೆಯೂ ಢಿಕ್ಕಿ ಹೊಡೆಯಿತು, ಆದರೂ ಯಾರೂ ಹಿಂದೆ ಸರಿಯಲಿಲ್ಲ. ಉಪ್ಪು ಕರಗುತ್ತಿದ್ದ ಹಾಗೆ ಅದರ ಸುತ್ತ ಹಳದಿ ಮಂಕಾಯಿತು. ಆ ಮಂಕು ಹಬ್ಬಿತು. ಕಣ್ಣೆದುರಿಗೇ ಬಟ್ಟಲು ಪೂರ್ತಿ ಬೂದಿಯಾಯಿತು.

"ಅಯ್ಯೋ, ಹೊಗೆ ಸುತ್ತಿಕೊಂಡ ಹಾಗೆ ಆಯ್ತಲ್ರೀ! ಇನ್ನೊಂದು ಸಲ ಮಾಡಿ" ಎಂದರು ಸುಂದರಮ್ಮ.

"ಇನ್ನೊಂದು ಸಲ ಮಾಡಿದ್ರೆ ಅನುಪಮಾ ಮಡಕೆಗೆ ಏನು ಬಳೀತಾಳೆ? ಗೊತ್ತಾಯ್ತಲ್ಲಾ, ಬಿಡು. ದೂರ ದೂರ ತೇಲ್ತಿದ್ದ ಬೆಳ್ಳಿ ಉಪ್ಪು ಕಂಡ ತಕ್ಷಣ ಒಂದಕ್ಕೊಂದು ಅಂಟಿಕೊಳ್ಳತ್ತೆ. ಜಾಡಿ ಕಥೆ ಇದು. ಆದ್ರೆ ಆ ಕಂದು ಬಾಟ್ಲಿಲಿ ಉಪ್ಪಿನಕಾಯಿ ಇರಲಿಲ್ಲ. ಪನ್ನೀರಿತ್ತು. ಅದಕ್ಕೆ ಉಪ್ಪು ಎಲ್ಲಿಂದ..."

ಅವರು ನಿಧಾನವಾಗಿ ಹೆಂಡತಿಯ ಕೈ ನೋಡಿದರು. ಸುಂದರಮ್ಮನೂ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನು? ಹೇಳಿ. ಬಾಯಿ ಬಿಟ್ಟು ಹೇಳಿ."

"ನಾನೇನೂ ಹೇಳಲಿಲ್ಲ."

"ನೀವು ಹೇಳದೆ ಇರೋದು ನನಗೆ ಚೆನ್ನಾಗಿ ಕೇಳ್ಸತ್ತೆ. ನಾನು ತೊಳೆದ ಪಾತ್ರೇಲಿ ಉಪ್ಪು ಉಳಿಯತ್ತಾ? ಮೂರು ನೀರು ಹಾಕಿ ತೊಳೆದಿದ್ದೀನಿ. ನಿಮ್ಮ ಮುತ್ತಜ್ಜನ್ನ ಕೇಳಿ!"

"ಮುತ್ತಜ್ಜ ಯಾಕೆ ಇದರಲ್ಲಿ?"

"ಎಲ್ಲದರಲ್ಲೂ ಇರ್ತಾರಲ್ಲಾ, ಇದರಲ್ಲೂ ಇರಲಿ!"

ಆ ಜಗಳದ ವಿವರ ಬೇಡ. ಅದರ ಕಾವಿಗೆ ಮನೆಯೊಳಗಿನ ಹಪ್ಪಳಗಳು ಒಲೆಯಿಲ್ಲದೆ ಸುಟ್ಟುಕೊಂಡವು ಎಂದಷ್ಟು ಹೇಳಿದರೆ ಸಾಕು. ಕೊನೆಗೆ ಪರೀಕ್ಷೆ ಮಾಡೋಣವೆಂದದ್ದು ಸುಂದರಮ್ಮನೇ. ಒಂದೇ ಜೊತೆಯ ಎರಡು ಗಾಜಿನ ಲೋಟ ತಂದರು. ಒಂದನ್ನು ಹುಣಸೆ-ಉಪ್ಪು ಹಾಕಿ, ಮೂರಲ್ಲ, ಐದು ನೀರಿನಲ್ಲಿ ತೊಳೆದರು. ಇನ್ನೊಂದನ್ನು ಗಂಡನ ಕೈಗಿಟ್ಟು, "ನೀವು ಹೇಗೆ ಬೇಕಾದ್ರೂ ತೊಳ್ಕೊಳ್ಳಿ" ಎಂದರು.

ಲಕ್ಷ್ಮೀನರಸಿಂಹಯ್ಯ ಲೋಟ ಹಿಡಿದು ನಲ್ಲಿಯ ಮುಂದೆ ನಿಂತರು. ನಲ್ಲಿಯ ನೀರಿನಲ್ಲಿ ಏನೇನಿದೆಯೋ? ಕುದಿಸಿದ ನೀರು? ಕುದಿಸಿದರೆ ಉಪ್ಪು ಎಲ್ಲಿಗೆ ಹೋಗುತ್ತದೆ, ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟಿರುತ್ತದಲ್ಲ. ಏನೂ ಇಲ್ಲದ ನೀರು ಬೇಕು. ನೀರೇ ಹೊರತು ಇನ್ನೇನೂ ಅಲ್ಲದ ನೀರು. ಅಷ್ಟರಲ್ಲಿ ಕರೆಂಟು ಹೋಯಿತು, ಮೆಟ್ಟಿಲ ಕೆಳಗಿನ ಇನ್ವರ್ಟರ್ ಕಿರ್ ಎಂದಿತು, ಅವರು ಅಲ್ಲಿಯೇ ಒಂದು ಸಣ್ಣ ಕುಣಿತ ಕುಣಿದರು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್! ಬ್ಯಾಟರಿಗೆ ಉಪ್ಪು ತಗುಲಿದರೆ ಸತ್ತೇ ಹೋಗುತ್ತದೆಂದು ಮೆಕ್ಯಾನಿಕ್ ಪ್ರತಿ ಸಲವೂ ಹೆದರಿಸಿ ಹೋಗುತ್ತಿದ್ದ. ಸೀಲು ಒಡೆಯದ ಐದು ಲೀಟರಿನ ಕ್ಯಾನು ಇನ್ವರ್ಟರಿನ ಪಕ್ಕದಲ್ಲೇ ಕೂತಿತ್ತು. ಅದರ ನೀರಿನಿಂದ ಲೋಟವನ್ನು ಗಲಗಲ ಅಲುಗಿಸಿ ಚೆಲ್ಲಿ, ಮತ್ತೆ ಅಲುಗಿಸಿ ಚೆಲ್ಲಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿದರು. ಎರಡು ಲೋಟಕ್ಕೂ ಒಂದೊಂದು ಚಮಚ ಬೆಳ್ಳಿನೀರು ಬಿತ್ತು. ಎರಡೂ ಬೀರುವಿನೊಳಗೆ ಹೋದವು.

ಮಂಗಳವಾರ ಬೆಳಿಗ್ಗೆ ಲಕ್ಷ್ಮೀನರಸಿಂಹಯ್ಯ ಏಳುವ ಹೊತ್ತಿಗೆ ಸುಂದರಮ್ಮ ಆಗಲೇ ಬೀರುವಿನ ಮುಂದೆ ಕೂತಿದ್ದರು. ಅವರ ಬಲಗೈಯಲ್ಲಿ ಹಳದಿ, ಎಡಗೈಯಲ್ಲಿ ಬೂದಿ. ಹಳದಿ ಯಾರ ಲೋಟವೆಂದು ಕೇಳುವ ಧೈರ್ಯ ಗಂಡನಿಗೆ ಬರಲಿಲ್ಲ.

"ಐದು ನೀರು ಹಾಕಿದ್ದೆ ಕಣ್ರೀ" ಎಂದರು ಸುಂದರಮ್ಮ, ಮೆಲ್ಲಗೆ. "ಐದು ನೀರು ಹಾಕಿದ್ರೂ ಅದು ಎಲ್ಲಿ ಅಡಗಿ ಕೂತಿರತ್ತೆ?"

ಆ ಪ್ರಶ್ನೆ ಲಕ್ಷ್ಮೀನರಸಿಂಹಯ್ಯನವರಿಗೆ ಎಷ್ಟು ಇಷ್ಟವಾಯಿತೆಂದರೆ, ಗೆದ್ದೆನೆಂದು ಜಂಬ ಕೊಚ್ಚಿಕೊಳ್ಳುವುದನ್ನೇ ಮರೆತರು. ಅವರ ಜೀವಮಾನದಲ್ಲಿ ಹಾಗಾದದ್ದು ಅದೊಂದೇ ಸಲ.

ಪನ್ನೀರಿನ ಬಾಟಲಿಯನ್ನು ಇನ್ವರ್ಟರ್ ನೀರಿನಲ್ಲಿ ತೊಳೆದು, ತೊಳೆದು, ಅದು ಸಾಕಪ್ಪಾ ಎಂದು ಬೇಡಿಕೊಳ್ಳುವ ತನಕ ತೊಳೆದರು. ಮೊದಲು ಒಂದು ಚಮಚ ಹಾಕಿ ಸಂಜೆಯ ತನಕ ಕಾದರು. ಬಣ್ಣ ಅಲ್ಲಾಡಲಿಲ್ಲ. ಆಮೇಲೆ ಜಾರಿನಿಂದ ಬಾಟಲಿಗೆ ಬಗ್ಗಿಸಿದರು. ಸುಂದರಮ್ಮ ಉಸಿರು ಬಿಗಿಹಿಡಿದು ಅದೇ ನೀರಿನಲ್ಲಿ ತೊಳೆದ ಗಾಜಿನ ಆಲಿಕೆ ಹಿಡಿದಿದ್ದರು. ಕೊನೆಯ ಹನಿ ಬಿದ್ದ ಮೇಲೆ ಬಾಟಲಿಯನ್ನು ಎತ್ತಿ ನೋಡಿದಾಗ, ನೀರು ಕತ್ತಿನ ತನಕ ಬರಬೇಕಾದದ್ದು ಭುಜದ ಹತ್ತಿರವೇ ನಿಂತಿತ್ತು.

ಲಕ್ಷ್ಮೀನರಸಿಂಹಯ್ಯ ಲೆಕ್ಕ ಹಾಕಿದರು. ನಾಲ್ಕು ಕಾಲು ಲೋಟ. ಅದರ ಮೇಲೆ ಚಮಚಗಳು. ಸರಿಯಾಗಿ ಒಂದು ಮಡಕೆಯ ಪಾಲು. ಉದಯಗಿರಿಯಲ್ಲಿ ಒಂದು ಮನೆ.

"ಕಮ್ಮಿಯಾಯ್ತು" ಎಂದರು. ಆ ಮಾತು ಅವರ ವಂಶದವರ ಬಾಯಲ್ಲಿ ಬಂದದ್ದು ಅದೇ ಮೊದಲಿರಬೇಕು.

ಸುಂದರಮ್ಮ ಸುತ್ತಮುತ್ತ ನೋಡಿ, ದನಿ ತಗ್ಗಿಸಿದರು. "ಆ ಕ್ಯಾನಲ್ಲಿ ಇನ್ನೂ ನೀರಿದೆಯಲ್ರೀ. ಒಂದು ಲೋಟ ಬೆರೆಸಿ ಅಳತೆ ಸರಿ ಮಾಡಿಬಿಡಿ. ಅದರಿಂದ ಬಣ್ಣವೇನೂ ಕೆಡಲ್ಲ, ನೀವೇ ನೋಡಿದ್ರಲ್ಲಾ. ಅವಳಿಗೇನು ಗೊತ್ತಾಗತ್ತೆ?"

ಲಕ್ಷ್ಮೀನರಸಿಂಹಯ್ಯ ಕ್ಯಾನು ಎತ್ತಿಯೇಬಿಟ್ಟರು. ಮುಚ್ಚಳವನ್ನೂ ತಿರುಗಿಸಿದರು. ಒಂದು ಲೋಟ ಬಿದ್ದರೆ ಮುತ್ತಜ್ಜನ ಮರ್ಯಾದೆ ಉಳಿಯುತ್ತದೆ, ಬುಧವಾರ ಬೆಳಿಗ್ಗೆ ಕತ್ತಿನ ತನಕ ತುಂಬಿದ ಬಾಟಲಿಯನ್ನು ಅನುಪಮಾಳ ಕೈಗಿಟ್ಟು ತಾವು ಹೇಳಬೇಕಾದ ಮಾತುಗಳೂ ಹೊಂದಿಸಿಟ್ಟಾಗಿದ್ದವು. ಹಳದಿ ಒಂದು ಎಳೆಯಷ್ಟು ತೆಳುವಾಗುತ್ತದೆ, ಅಷ್ಟೇ. ಅನುಪಮಾಳಿಗೆ ತಿಳಿಯುವುದಿಲ್ಲ. ಅಂಗನವಾಡಿಯ ಟೀಚರಿಗೂ ತಿಳಿಯುವುದಿಲ್ಲ. ಆದರೆ ತೂತಿನಲ್ಲಿ ಕೂತ ಕ್ರಿಮಿಗೆ ತಿಳಿಯುತ್ತದಲ್ಲ? ಹನ್ನೊಂದರ ಶಕ್ತಿಯನ್ನು ಹನ್ನೆರಡಕ್ಕೆ ಹಂಚಿದರೆ ಸೋಲುವುದು ಯಾವ ಮಡಕೆಯೋ, ಯಾವ ಮಗುವೋ. ಬಿಟ್ಟುಹೋದ ಮನೆಯವರಿಗೆ ತಮಗೆ ಮಡಕೆ ಬಂದಿಲ್ಲವೆಂದಾದರೂ ಗೊತ್ತಿರುತ್ತದೆ, ನೀರು ಕುದಿಸಿ ಕುಡಿಯುತ್ತಾರೆ.

ಕ್ಯಾನಿನ ಮುಚ್ಚಳ ಮತ್ತೆ ಬಿಗಿಯಿತು.

ಬುಧವಾರ ಬೆಳಿಗ್ಗೆ ಬಂದ ಅನುಪಮಾಳಿಗೆ ಅವರು ಕೂತ್ಕೋ ಎನ್ನುವ ಮೊದಲೇ ಹೇಳಿಬಿಟ್ಟರು. ಮುತ್ತಜ್ಜನ ಹೆಸರಿಲ್ಲದೆ, ಉಗ್ರಾಣವಿಲ್ಲದೆ, ಬಿಕ್ಕಳಿಕೆಯಂತೆ ನಾಲ್ಕು ಮಾತು. "ಒಂದು ಮಡಕೆಗಾಗೋಷ್ಟು ನಾನು ಹಾಳು ಮಾಡಿದೀನಮ್ಮ. ಯಾವ ಪಾತ್ರೆ ಅಂತ ನೋಡೋಕೆ ಹೋಗಿ."

ಅವಳ ಮುಖ ಇಳಿಯಿತು. ಬಾಟಲಿಯನ್ನು ಎತ್ತಿ ನೋಡಿದಳು, ಹಳದಿ ಕಂಡು ಸ್ವಲ್ಪ ಸಮಾಧಾನವಾಯಿತು, ಮತ್ತೆ ಮಟ್ಟ ನೋಡಿ ಇಳಿಯಿತು. "ನೀವೇನಾ ಸರ್? ಅಪ್ಪ ಅಂತಿದ್ರು, ಸರ್ ಹತ್ರ ಒಂದು ಮೊಳೆ ಕೊಟ್ರೂ ಮೂವತ್ತು ವರ್ಷ ಆದ್ಮೇಲೆ ಅದೇ ಮೊಳೆ ಕೊಡ್ತಾರೆ ಅಂತ."

ಲಕ್ಷ್ಮೀನರಸಿಂಹಯ್ಯ ತಲೆ ತಗ್ಗಿಸಿದರು. ಅಷ್ಟು ತಗ್ಗಿದ ತಲೆಯನ್ನು ಒಂಟಿಕೊಪ್ಪಲು ಕಂಡಿರಲಿಲ್ಲ.

"ಅವರೊಬ್ಬರದ್ದೇ ಅಲ್ಲ ಕಣಮ್ಮ, ನನ್ನ ಕೈದೂ ಇದೆ" ಎಂದು ಸುಂದರಮ್ಮ ಮುಂದೆ ಬಂದರು. "ನನ್ನ ಹುಣಸೆ-ಉಪ್ಪು ಮಾಡಿದ್ದು ಅರ್ಧ. ಬಾ ಇಲ್ಲಿ, ತೋರಿಸ್ತೀನಿ."

ನೆಲದ ಮೇಲೆ ಬಟ್ಟಲುಗಳು ಸಾಲಾಗಿ ಕೂತಿದ್ದವು. ಅನುಪಮಾ ಒಂದೊಂದನ್ನೇ ನೋಡುತ್ತ ಬಂದಳು. ಸುಂದರಮ್ಮ ಲೋಟದ ಕಥೆ ಹೇಳಿದರು, ಐದು ನೀರಿನ ಕಥೆ ಹೇಳಿದರು. ಕೇಳುತ್ತ ಕೇಳುತ್ತ ಅನುಪಮಾಳ ಕಣ್ಣು ದೊಡ್ಡದಾಯಿತು. ಕೊನೆಗೆ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಸರ್! ನಮ್ಮವ್ವ!"

"ಏನಾಯ್ತು?"

"ಬೆಳ್ಳಿನೀರು ಹುಯ್ಕೊಂಡು ಬ್ರಷ್ ಅದ್ದೋಕೆ ಅಂತ ಒಂದು ಪಿಂಗಾಣಿ ಬೇಸಿನ್ ತಂದಿಟ್ಟಿದ್ದೆ. ನಿನ್ನೆ ಸಂಜೆ ಅವ್ವ ಅದನ್ನ ತಿಕ್ತಾ ಕೂತಿದ್ರು. ಒಳ್ಳೆ ಕೆಲಸಕ್ಕೆ ಒಳ್ಳೆ ಪಾತ್ರೆ ಅಂತ. ಹುಣಸೆಹಣ್ಣು, ಉಪ್ಪು! ಬ್ರಷ್‌ನೂ ಅದರಲ್ಲೇ ನೆನೆಹಾಕವ್ರೆ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹನ್ನೆರಡು ಮಡಕೆಯ ಬೆಳ್ಳಿಯೂ ಆ ಬೇಸಿನ್ನಿಗೆ ಬಿದ್ದಿದ್ದರೆ, ಸ್ನಾನ ಮಾಡುವಷ್ಟು ಹೊತ್ತಿನಲ್ಲಿ ಉದಯಗಿರಿಗೆ ಹೋಗಬೇಕಾದದ್ದು ಹಿನಕಲ್ಲಿನ ಚರಂಡಿಗೆ ಹೋಗುತ್ತಿತ್ತು.

"ಕ್ಯಾನು ತಗೊಳ್ರೀ!" ಎಂದು ಸುಂದರಮ್ಮ ಚಪ್ಪಲಿ ಮೆಟ್ಟಿದರು.

ಅನುಪಮಾ ಸ್ಕೂಟರಿನಲ್ಲಿ ಮುಂದೆ, ಗಂಡ ಹೆಂಡತಿ ಆಟೋದಲ್ಲಿ ಹಿಂದೆ. ಲಕ್ಷ್ಮೀನರಸಿಂಹಯ್ಯನವರ ಮಡಿಲಲ್ಲಿ ಟವೆಲ್ ಸುತ್ತಿದ ಬಾಟಲಿ, ಸುಂದರಮ್ಮನ ಮಡಿಲಲ್ಲಿ ಕ್ಯಾನು. ಹುಣಸೂರು ರಸ್ತೆಯ ಒಂದೊಂದು ಹಂಪ್‌ಗೂ ಅವರು ಸೀಟಿನಿಂದ ಒಂದು ಮೊಳ ಮೇಲೆ ಹಾರಿದರೂ ಬಾಟಲಿ ಮಾತ್ರ ನಿದ್ದೆ ಮಾಡುತ್ತಿದ್ದ ಮಗುವಿನ ಹಾಗೆ ಅಲುಗಲಿಲ್ಲ.

ಹಿನಕಲ್ಲಿನ ಶೆಡ್ಡಿನ ಬಾಗಿಲಲ್ಲಿ ಅನುಪಮಾಳ ಅವ್ವ ಸಾಕಮ್ಮ ಕೈಯಲ್ಲಿ ಬೇಸಿನ್ ಹಿಡಿದು ನಿಂತಿದ್ದರು. ಕನ್ನಡಿಯಂತೆ ಹೊಳೆಯುತ್ತಿತ್ತು ಅದು.

"ಬನ್ನಿ ಅಮ್ಮಾವ್ರೇ. ಇವ್ಳು ಎಂಗೆ ಕಿರುಚ್ತಾಳೆ ನೋಡಿ, ಪಾತ್ರೆ ತೊಳ್ದಿದ್ದೇ ತಪ್ಪಂತೆ! ಎಲ್ಲಾದ್ರೂ ಉಂಟಾ?"

ಸುಂದರಮ್ಮ ಬೇಸಿನ್ ತೆಗೆದುಕೊಂಡು ಅದರ ಅಂಚಿನ ಮೇಲೆ ಬೆರಳು ಆಡಿಸಿದರು. "ಎಷ್ಟು ಚೆನ್ನಾಗಿ ತಿಕ್ಕಿದ್ದೀರಾ! ಹಳೇ ಹುಣಸೆಹಣ್ಣಾ?"

"ಓದ್ ವರ್ಸದ್ದು."

"ಅದೇ ಮತ್ತೆ. ನಾನೂ ಹಳೇದೇ ಬಳಸೋದು. ನಲವತ್ತು ವರ್ಷ ಬೆಳ್ಳಿ ತಿಕ್ಕಿದ್ದೀನಿ, ಯಾವ ಬೆಳ್ಳಿಯೂ ಹೀಗೆ ಮುನಿಸಿಕೊಂಡಿರಲಿಲ್ಲ. ಇದು ಬಹಳ ನಾಜೂಕು ಕಣ್ರೀ. ಉಪ್ಪು ಕಂಡ್ರೆ ಮೂರ್ಛೆ ಹೋಗತ್ತೆ. ಕೊಡಿ, ಇಬ್ಬರೂ ಸೇರಿ ಇನ್ನೊಂದು ಸಲ ತೊಳೆಯೋಣ. ಈ ನೀರಲ್ಲಿ."

ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಬೇಸಿನ್ನಿನಿಂದಲೂ ಬ್ರಷ್ಷುಗಳಿಂದಲೂ ಉಪ್ಪನ್ನು ಓಡಿಸಿದರು. ಕ್ಯಾನಿನ ತಳ ಕಂಡಿತು. ಲಕ್ಷ್ಮೀನರಸಿಂಹಯ್ಯ ಮೊದಲು ಒಂದು ಚಮಚ ಮಾತ್ರ ಬೇಸಿನ್ನಿಗೆ ಬಿಟ್ಟು ಎಲ್ಲರನ್ನೂ ಕಾಯಿಸಿದರು. ಹಿನಕಲ್ಲಿನಲ್ಲಿ ಆಗ ಹಾರುತ್ತಿದ್ದ ಕಾಗೆಗಳೂ ರೆಕ್ಕೆ ಬಡಿಯದೆ ಕಾದವು. ಹಳದಿ ಹಳದಿಯಾಗಿಯೇ ಉಳಿಯಿತು. ಅನುಪಮಾ ಬ್ರಷ್ ಅದ್ದಿ ಮೊದಲ ಮಡಕೆಯ ಒಳಮೈಗೆ ಎಳೆದಳು. ಮಣ್ಣು ಅದನ್ನು ಬಾಯಾರಿದ ಹಾಗೆ ಹೀರಿಕೊಂಡಿತು.

ಹನ್ನೊಂದು ಮಡಕೆ ಮುಗಿಯುವ ಹೊತ್ತಿಗೆ ಬಾಟಲಿಯಲ್ಲಿ ಒಂದು ಹನಿಯೂ ಇರಲಿಲ್ಲ. ಹನ್ನೆರಡನೆಯದು ಬರಿಮೈಯಲ್ಲಿ ಮೂಲೆಯಲ್ಲಿ ಕೂತಿತ್ತು. ಲಕ್ಷ್ಮೀನರಸಿಂಹಯ್ಯ ಅದರ ಮುಂದೆ ಹೋಗಿ ನಿಂತರು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಟಣ್ ಎಂದಿತು.

"ಇದು ಯಾವ ಮನೆಗೆ ಹೋಗಬೇಕಾಗಿತ್ತಮ್ಮ?"

"ಸಮನ್ವಿತಾ ಅಂತ ಸರ್, ಹೊಲಿಗೆ ಹಾಕ್ತಾರೆ. ಅವರಿಗೆ ಮುಂದಿನ ಸಲ ಅಂತ ಹೇಳ್ತೀನಿ ಬಿಡಿ."

"ನೀನು ಹೇಳಬೇಡ. ನಾನೇ ಹೋಗಿ ಹೇಳ್ತೀನಿ, ಯಾಕೆ ಅಂತಾನೂ ಹೇಳ್ತೀನಿ. ಬೆಳ್ಳಿನೀರು ಬರೋ ತನಕ ನೀರು ಕುದಿಸಿ ಅಂತಾನೂ ಹೇಳ್ತೀನಿ." ಅವರು ಮಡಕೆಯೊಳಗೆ ಇಣುಕಿದರು. ಅವರ ಕಣ್ಣು ಮತ್ತೆ ಹೊಳೆಯತೊಡಗಿದ್ದನ್ನು ಸುಂದರಮ್ಮ ದೂರದಿಂದಲೇ ಕಂಡು ನಿಟ್ಟುಸಿರು ಬಿಟ್ಟರು. "ಅನುಪಮಾ, ನಿನ್ನ ಫ್ರೆಂಡು ಆ ಬೆಳ್ಳೀನ ಅಷ್ಟು ಸಣ್ಣಗೆ ಮಾಡ್ತಾರಲ್ಲ, ಅದು ಹೇಗಮ್ಮ? ಅರೆದಾ? ಕರಗಿಸಿಯಾ? ಒಂದು ಸಲ ನೋಡಬೇಕಲ್ಲ."

ಅನುಪಮಾ ಬ್ರಷ್ ಕೆಳಗಿಟ್ಟಳು. "ಮುಂದಿನ ಸಲ ಮಾಡೋವಾಗ ಕರ್ಕೊಂಡು ಹೋಗ್ತೀನಿ ಸರ್. ಆದ್ರೆ ಒಂದು ಮಾತು."

"ಹೇಳು."

"ಬರಿಗೈಲಿ ಬನ್ನಿ. ಚೊಂಬು, ಜಾಡಿ, ಪಂಚಪಾತ್ರೆ ಏನೂ ತರ್ಬೇಡಿ."

"ಛೆ, ಛೆ, ನಾನ್ಯಾಕೆ ತರ್ತೀನಿ?" ಎಂದರು ಲಕ್ಷ್ಮೀನರಸಿಂಹಯ್ಯ. ಎಂದವರು, ಲ್ಯಾಬಿನವರ ಹತ್ತಿರ ಭೂತಗನ್ನಡಿಯಾದರೂ ಇರುತ್ತದೆಯೋ ಇಲ್ಲವೋ, ಇಲ್ಲದಿದ್ದರೆ ತಮ್ಮದನ್ನು ಜೇಬಿನಲ್ಲಿ ಹಾಕಿಕೊಳ್ಳಬಹುದೇ ಎಂದು ಆಟೋ ಹತ್ತುವ ಮೊದಲೇ ಕೇಳಿದರು.